ಚಿತ್ರದ ಕೆಳಗಿನ ಎರಡು ಸಾಲು

"ಇವನ ತಟ್ಟೆಗೆ ಹಾಕ್ಬೇಡ ಕಣೇ. ಪೇಪರಿನೋರ ಮನೇಲಿ ಹೊಟ್ಟೆ ತುಂಬ ತಿಂದು ಬಂದಿದಾನೆ."

ಮಾರ್ಗಿತಾ ಸಬೋಲ್ ಇದನ್ನು ಕಿರುಚಿ ಹೇಳಲಿಲ್ಲ. ಕಿರುಚಿದ್ದರೆ ಲಾದೊಗೆ ಎಷ್ಟೋ ವಾಸಿಯಿತ್ತು, ತಿರುಗಿ ಕಿರುಚಬಹುದಿತ್ತು. ಅವಳು ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತಾ, ಪಕ್ಕದಲ್ಲಿ ಸೌಟು ಹಿಡಿದಿದ್ದ ಹೆಂಗಸಿಗೆ ಉಪ್ಪು ಎಲ್ಲಿದೆ ಅಂತ ಕೇಳುವ ದನಿಯಲ್ಲಿ ಹೇಳಿದಳು. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶುಕ್ರವಾರ ಹೆಂಗಸರು ಸೇರಿ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಬೇಯಿಸುತ್ತಾರೆ. ಆ ಮಧ್ಯಾಹ್ನ ಸಾಲಿನಲ್ಲಿ ನಲವತ್ತು ಜನ ಇದ್ದರು. ನಲವತ್ತು ಜನರೂ ಕೇಳಿಸಿಕೊಂಡರು. ಸೌಟು ಅರ್ಧಕ್ಕೆ ನಿಂತಿತು. ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಅದರ ಅಂಚಿನಿಂದ ಎಳೆ ಎಳೆಯಾಗಿ ಪಾತ್ರೆಗೆ ವಾಪಸು ಬೀಳುತ್ತಿತ್ತು.

"ಅತ್ತೆ, ನಾನು ಹಾಗೆ ಹೇಳಿಲ್ಲ," ಎಂದ ಲಾದೊ.

"ಹೌದಾ? ಹಾಗಾದ್ರೆ ಈ ಮೂತಿ ಯಾರದು?"

ಅವಳು ಏಪ್ರನ್ನಿನ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಮೇಜಿನ ಮೇಲೆ, ಹಿಟ್ಟಿನ ನಡುವೆ, ಬಿಡಿಸಿಟ್ಟಳು. ನಿನ್ನೆ ಸಂಜೆಯ 'ಆರ್ಡ್ಲಿ ಬೀಕನ್' ಪತ್ರಿಕೆ. ಒಳಪುಟದಲ್ಲಿ ದಿನಾ ಬರುವ 'ಬೀದಿಯ ಐದು ಮಾತು'. ದಾರಿಯಲ್ಲಿ ಹೋಗುವ ಐದು ಜನರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುವುದು, ಫೋಟೋ ಹಿಡಿಯುವುದು, ಫೋಟೋದ ಕೆಳಗೆ ಹೆಸರು, ವಿಳಾಸ, ಕಸುಬು, ಎರಡು ಸಾಲು ಉತ್ತರ. ಊರೆಲ್ಲ ಮೊದಲು ಓದುವುದು ಅದನ್ನೇ, ಪರಿಚಯದ ಮುಖ ಇದೆಯೇನೋ ಅಂತ. ನಿನ್ನೆಯ ಪ್ರಶ್ನೆ: ಸೋಮವಾರದ ಟ್ರಾಮ್ ದುರಂತಕ್ಕೆ ಹೊಣೆ ಯಾರು?

ಐದರಲ್ಲಿ ಮೂರನೆಯ ಮುಖ ಲಾದೊನದು, ಪೂರ್ತಿ ಹೆಸರು ಲಾದಿಸ್ಲಾವ್ ಬೆನ್ಯಾಕ್. ತಲೆಯ ಮೇಲೆ ಟ್ರಾಮ್ ಕಂಪನಿಯ ಟೋಪಿ, ಟೋಪಿಗೆ ಹಿತ್ತಾಳೆ ಬಿಲ್ಲೆ. ಕೆಳಗೆ ಎರಡು ಸಾಲು: "ಚಾಲಕನೇ ಹೊಣೆ. ಒಂದು ಗುಟುಕು ಹಾಕದೆ ಅವನು ಗಾಡಿ ಹತ್ತುವುದಿಲ್ಲ ಎಂಬುದು ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು."

ಚಾಲಕ ಅಂದರೆ ಮಾರ್ಗಿತಾಳ ಗಂಡ ಓಂದ್ರೇ. ಲಾದೊ ಕೂಸಾಗಿದ್ದಾಗ ಇದೇ ಚರ್ಚಿನಲ್ಲಿ ಅವನನ್ನು ಎತ್ತಿಕೊಂಡು ಜ್ಞಾನಸ್ನಾನದ ನೀರು ಹಾಕಿಸಿದ ಜ್ಞಾನತಂದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದವನನ್ನು ಕುತ್ತಿಗೆ ಹಿಡಿದು ಟ್ರಾಮ್ ಶೆಡ್ಡಿಗೆ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದವನು. ಈಗ ಎರಡೂ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಗಾಡಿ ಗಿರಣಿ ದಿಬ್ಬದಿಂದ ಜಾರಿ ಬಂದು ಕೆಳಗಿನ ತಿರುವಿನಲ್ಲಿ ಮಗುಚಿ ನಾಲ್ಕು ಜನ ಸತ್ತಿದ್ದರು.

"ಮರಳು ತುಂಬಿದೋನು ನೀನು," ಎಂದಳು ಮಾರ್ಗಿತಾ. "ಕುಡುಕ ಅನ್ನಿಸ್ಕೊಂಡೋನು ಅವನು. ಎಷ್ಟು ಚೆನ್ನಾಗಿ ಕೈ ತೊಳ್ಕೊಂಡೆಯಪ್ಪಾ. ನಾಳೆ ವಿಚಾರಣೇಲಿ ಪಂಚರು ಕೂತ್ಕೋತಾರೆ. ಆರು ಜನರ ಜೇಬಲ್ಲೂ ಇದೇ ಪೇಪರು ಇರುತ್ತೆ. ಹೋಗು, ಇನ್ನೊಂದು ಫೋಟೋ ತೆಗೆಸ್ಕೋ ಹೋಗು."

ಹಿಂದೆ ನಿಂತಿದ್ದ ಯಾರೋ ಮೂಗಿನಲ್ಲಿ ನಕ್ಕರು. ಲಾದೊ ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದ.

ಅವನು ಹೇಳಿದ್ದು ಬೇರೆ. ಅವನಿಗೆ ಅಕ್ಷರ ಅಕ್ಷರವೂ ನೆನಪಿತ್ತು.

ಟ್ರಾಮ್‌ನ ಚಾಲಕನ ಕಾಲ ಬುಡದಲ್ಲಿ ಒಂದು ಪೆಡಲ್ ಇರುತ್ತದೆ. ತುಳಿದರೆ ಪೆಟ್ಟಿಗೆಯಿಂದ ಮರಳು ಉದುರಿ ಹಳಿಯ ಮೇಲೆ ಬೀಳುತ್ತದೆ, ಚಕ್ರಕ್ಕೆ ಹಿಡಿತ ಸಿಗುತ್ತದೆ. ನವೆಂಬರಿನಲ್ಲಿ ಹಳಿಯ ಮೇಲೆ ಕೊಳೆತ ಎಲೆ ಅಂಟಿಕೊಂಡು ಸೋಪಿನ ಹಾಗೆ ಆಗಿರುವಾಗ ಆ ಮರಳೇ ದೇವರು. ಆದರೆ ಮರಳು ಒಣಗಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಿಂದ ಇಳಿಯುವುದೇ ಇಲ್ಲ. ಲಾದೊನ ಕೆಲಸವೇ ಅದು. ಮರಳು ಮನೆಯ ದೊಡ್ಡ ಒಲೆಯ ಸುತ್ತ ಮರಳು ಸುರಿದು, ಒಣಗಿಸಿ, ಜರಡಿ ಹಿಡಿದು, ಬೆಳಗ್ಗೆ ಪೆಟ್ಟಿಗೆಗಳಿಗೆ ತುಂಬುವುದು. ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಮುಷ್ಟಿ ಕಟ್ಟಿ ಬಿಡಿಸಿದರೆ ಒಣ ಮರಳು ಬೆರಳ ಸಂದಿಯಲ್ಲಿ ಓಡಿಹೋಗುತ್ತದೆ. ಒದ್ದೆ ಮರಳು ಉಂಡೆಯಾಗಿ ಕೂತು ಮುಖ ನೋಡುತ್ತದೆ.

ಸೋಮವಾರ ಬೆಳಗ್ಗೆ ಉಂಡೆ ಕೂತಿತ್ತು. ಮೂರು ವಾರದಿಂದ ಹಾಗೇ ಕೂರುತ್ತಿತ್ತು. ಡಿಸೆಂಬರ್ ಒಂದರವರೆಗೆ ಒಲೆ ಹಚ್ಚಬೇಡ, ಕಲ್ಲಿದ್ದಲು ಉಳಿಸಬೇಕು ಅಂತ ಫೋರ್‌ಮನ್ ಡಿಲ್ ಹೇಳಿದ್ದ. ಬಾಯಲ್ಲಿ ಹೇಳಿದ್ದ, ಕಾಗದದಲ್ಲಿ ಅಲ್ಲ. ಲಾದೊ ಆರು ಸಲ ಅವನ ಹತ್ತಿರ ಹೋಗಿ "ಮರಳು ಒಣಗ್ತಾ ಇಲ್ಲ" ಅಂದಿದ್ದ. ಆರನೇ ಸಲ ಡಿಲ್, "ಹಾಗಾದ್ರೆ ನಿನ್ನ ಉಸಿರು ಊದಿ ಒಣಗಿಸು" ಅಂದಿದ್ದ. ಲಾದೊ ಅದನ್ನೇ ತುಂಬಿದ.

ಬುಧವಾರ ಶೆಡ್ಡಿನ ಗೇಟಿನ ಹತ್ತಿರ ಕ್ಯಾಮರಾ ಹಿಡಿದ ಹೆಂಗಸು ನಿಲ್ಲಿಸಿ ಕೇಳಿದಾಗ ಅವನು ಇದನ್ನೇ ಹೇಳಿದ. ಅವಳು ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು. "ಟೋಪಿ ತೆಗೀಬೇಡಿ, ಟೋಪಿ ಚೆನ್ನಾಗಿದೆ," ಅಂದಳು. ಅವನು ಮೂರ್ಖನ ಹಾಗೆ ಟೋಪಿಯನ್ನು ನೆಟ್ಟಗೆ ಮಾಡಿಕೊಂಡಿದ್ದ. ವಿವರ ತುಂಬಲು ಅವಳು ಕೊಟ್ಟ ಕಾರ್ಡಿನ ಮೇಲೆ ಹೆಸರನ್ನು ತಾನೇ ಬರೆದ. ಮಿಕ್ಕಿದ್ದನ್ನು ಅವಳೇ ತುಂಬಿಕೊಂಡಳು, ಯಾಕೆಂದರೆ ಇಂಗ್ಲಿಷಿನಲ್ಲಿ ಅವನಿಗೆ ಅಳುಕಿಲ್ಲದೆ ಬರೆಯಲು ಬರುತ್ತಿದ್ದುದು ಹೆಸರು ಮಾತ್ರ.

ಬೀಕನ್ ಕಚೇರಿಯ ಕಡೆ ನಡೆಯುತ್ತಾ ಅವನು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದ. ಆ ಹೆಂಗಸು ಬದಲಾಯಿಸಿದಳಾ? ಡಿಲ್ ದೂರದಿಂದ ನೋಡಿ ಕಂಪನಿ ಆಫೀಸಿಗೆ ಸುದ್ದಿ ಮುಟ್ಟಿಸಿದನಾ? ಇಡೀ ಶೆಡ್ಡಿನಲ್ಲಿ ತನ್ನನ್ನೇ ಯಾಕೆ ನಿಲ್ಲಿಸಿದಳು? ಮಂಗಳವಾರ ಬೆಳಗ್ಗೆ, ಸತ್ತವರನ್ನು ಹೂಳುವ ಮೊದಲೇ, ಮರಳು ಮನೆಯ ಒಲೆ ತಾನಾಗಿ ಉರಿಯುತ್ತಿತ್ತು. ಯಾರು ಹಚ್ಚಿದರೋ ಯಾರೂ ಹೇಳಲಿಲ್ಲ. ಅದನ್ನು ಹಚ್ಚಿದ ಕೈಗೂ ಚಿತ್ರದ ಕೆಳಗೆ ಸಾಲು ಬರೆದ ಕೈಗೂ ಏನೋ ನಂಟು ಇದ್ದೇ ಇದೆ ಎಂದು ಅವನಿಗೆ ಅನ್ನಿಸತೊಡಗಿತು.

ಎರಡನೇ ಮಹಡಿಯಲ್ಲಿ ಹೋಬರ್ಟ್ ಲಸ್ಕ್ ಎಂಬಾತ ಅಂಗಿಯ ತೋಳು ಮಡಿಚಿಕೊಂಡು ಸೇಬಿನ ಪೈ ತಿನ್ನುತ್ತಿದ್ದ. ಐದು ಮಾತನ್ನು ಅಚ್ಚಿಗೆ ಸಿದ್ಧಮಾಡುವವನು ಅವನೇ. ಲಾದೊನ ಮುಖ ನೋಡಿದ ಕೂಡಲೇ ಗುರುತು ಹಿಡಿದ.

"ಓಹೋ, ಮೂರನೇ ನಂಬರು! ಬಾರಯ್ಯಾ. ಟೋಪಿ ಎಲ್ಲಿ?"

"ನಾನು ಹೇಳಿದ್ದು ಒಂದು, ನೀವು ಹಾಕಿದ್ದು ಒಂದು," ಎಂದ ಲಾದೊ.

"ಎಲ್ರೂ ಹಾಗೇ ಹೇಳ್ತಾರೆ. ಮನೇಲಿ ಬೈದ್ರಾ?"

"ಮರಳು ಅಂದೆ. ಒಲೆ ಅಂದೆ. ಮಾವ ಕುಡೀತಾನೆ ಅನ್ನೋ ಮಾತು ನನ್ನ ಬಾಯಲ್ಲಿ ಬಂದೇ ಇಲ್ಲ. ಅದನ್ನ ಯಾರು ತುರುಕಿದ್ದು?"

ಲಸ್ಕ್‌ಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಫೋರ್ಕನ್ನು ತಟ್ಟೆಯ ಮೇಲಿಟ್ಟು, ಹೊಸಬನಿಗೆ ಕೆಲಸ ಕಲಿಸುವವನ ಹಾಗೆ ವಿವರಿಸಿದ. "ನೋಡಪ್ಪ. ಬುಧವಾರ ಐದು ಜನರಲ್ಲಿ ನಾಲ್ಕು ಜನ ಕಂಪನಿ ಅಂದ್ರು. ಐದು ಜನ ಒಂದೇ ಮಾತು ಹೇಳಿದ್ರೆ ಅದು ಅಂಕಣ ಅಲ್ಲ, ಮೆರವಣಿಗೆ. ಓದೋರಿಗೆ ರುಚಿ ಇರಲ್ಲ. ಒಬ್ಬ ಹಣೆಬರಹ ಅನ್ಬೇಕು, ಒಬ್ಬಳು ಈ ಕಾಲದ ವೇಗ ಅನ್ಬೇಕು, ಒಬ್ಬ ಮೇಯರ್ ಅನ್ಬೇಕು. ಚಾಲಕ ಅನ್ನೋಕೂ ಒಬ್ಬ ಬೇಕಲ್ಲ?"

"ಅದಕ್ಕೆ ನಾನೇ ಯಾಕೆ?"

"ನಿನ್ನ ಟೋಪಿ," ಎಂದ ಲಸ್ಕ್. "ಬ್ಯಾಂಕಿನೋನು ಚಾಲಕನ್ನ ಬೈದ್ರೆ ಬಡವರ ಮೇಲೆ ದಬ್ಬಾಳಿಕೆ ಅನ್ಸುತ್ತೆ. ಆ ಟೋಪಿ ಕೆಳಗೆ ಬಂದ್ರೆ ನ್ಯಾಯ ಅನ್ಸುತ್ತೆ. ತಮ್ಮವನೇ ಹೇಳ್ತಿದಾನಲ್ಲ ಅಂತ."

ಲಾದೊಗೆ ಆ ಪೈ ತಟ್ಟೆಯನ್ನು ಅವನ ಮುಖಕ್ಕೆ ಒತ್ತಬೇಕು ಎನ್ನಿಸಿತು. ಒತ್ತಿದರೆ ನಾಳೆ ಅದರದೂ ಚಿತ್ರ ಬರುತ್ತದೆ ಎಂದು ಅನುಮಾನಪಟ್ಟು ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ.

"ನಾಳೆ ಹತ್ತು ಗಂಟೆಗೆ ವಿಚಾರಣೆ. ಅದಕ್ಕೆ ಮೊದಲು ಇದನ್ನ ತಿದ್ದಿ ಹಾಕಿ. ಒಬ್ಬ ಮನುಷ್ಯನ ಮರ್ಯಾದೆ."

"ಅದೇನು ದೊಡ್ಡ ವಿಷಯ!" ಎನ್ನುತ್ತಾ ಲಸ್ಕ್ ಮೇಜಿನ ಖಾನೆ ಎಳೆದ. ಒಳಗೆ ಅಚ್ಚು ಮಾಡಿಸಿದ ಚೀಟಿಗಳ ಕಟ್ಟು. ಲಾದೊ ನಿಧಾನವಾಗಿ, ತುಟಿ ಆಡಿಸುತ್ತಾ, ಮೇಲಿನದನ್ನು ಓದಿದ: ನಮ್ಮ ಸಿಬ್ಬಂದಿ ಇಂಥವರ ಅಜಾಗರೂಕತೆಯಿಂದ ಆದ ತಪ್ಪಿಗೆ ವಿಷಾದಿಸುತ್ತೇವೆ, ಇಂಥವರನ್ನು ಕೆಲಸದಿಂದ ತೆಗೆಯಲಾಗಿದೆ. ಹೆಸರಿನ ಜಾಗ ಮಾತ್ರ ಖಾಲಿ. ಲಸ್ಕ್ ಪೆನ್ಸಿಲ್ ಕಚ್ಚಿ, ಖಾಲಿ ಜಾಗದಲ್ಲಿ 'ಮಿಸ್ ನೆಟ್ಟಿ ಓಡೆಲ್' ಎಂದು ಬರೆದ.

ಕಿಟಕಿಯ ಹತ್ತಿರ ಕ್ಯಾಮರಾದ ಗಾಜು ಒರೆಸುತ್ತಾ ಕುಳಿತಿದ್ದ ಹೆಂಗಸಿನ ಕೈ ನಿಂತಿತು. ಅವಳು ತಲೆ ಎತ್ತಲಿಲ್ಲ. ಮೂವತ್ತು ದಾಟಿದವಳು, ತೇಪೆ ಹಾಕಿದ ಕೈಗವಸು ಮಡಿಲಲ್ಲಿತ್ತು.

"ಬರೆದ್ಕೊಂಡಿದ್ದು ಇವಳೇ ತಾನೇ," ಎಂದ ಲಸ್ಕ್. "ಬೆಳಗಿನ ಮೊದಲ ಮುದ್ರಣಕ್ಕೇ ಹಾಕಿಸ್ತೀನಿ. ಪಂಚರು ಕಾಫಿ ಜೊತೆ ಓದ್ತಾರೆ. ಹೂಂ ಅನ್ನು, ಮುಗೀತು."

ಒಂದೇ ಒಂದು ಹೂಂ. ನಾಳೆ ಬೆಳಗ್ಗೆ ಮಾರ್ಗಿತಾಳ ಮುಂದೆ ಈ ಚೀಟಿಯನ್ನು ಹಿಡಿಯಬಹುದು. ಓಂದ್ರೇ ಮಾವನ ಹೆಸರು ಉಳಿಯುತ್ತದೆ. ಈ ಹೆಂಗಸು ತನಗೇನು, ಅಕ್ಕನೇ ತಂಗಿಯೇ? ಲಾದೊ ಬಾಯಿ ತೆರೆದ. ಆದರೆ ಆ ಕಟ್ಟಿನ ದಪ್ಪ ಅವನ ಕಣ್ಣಿಗೆ ಬಿತ್ತು. ಅಷ್ಟು ಚೀಟಿ ಅಚ್ಚು ಮಾಡಿಸಿ ಇಟ್ಟುಕೊಂಡಿದ್ದಾನೆ ಎಂದರೆ ಎಷ್ಟು ಹೆಸರು ಬೇಕಾಗಬಹುದು ಎಂಬ ಲೆಕ್ಕ ಇವನಿಗೆ ಮೊದಲೇ ಇದೆ.

"ಅವಳ ಹೆಸರು ಬೇಡ. ಬದಲಾಯಿಸಿದ್ದು ನೀವು. ನಿಮ್ಮ ಹೆಸರು ಬರೀರಿ."

ಲಸ್ಕ್ ಮನಸಾರೆ ನಕ್ಕ. "ನನ್ನ ಹೆಸರು ಬರೆದ್ರೆ ಅದು ತಿದ್ದುಪಡಿ ಅಲ್ಲ ಮಾರಾಯ, ರಾಜೀನಾಮೆ. ಬೇಡ್ವಾ? ಸರಿ, ನಿನ್ನಿಷ್ಟ." ಚೀಟಿಯನ್ನು ವಾಪಸು ಖಾನೆಗೆ ಹಾಕಿದ. ಹರಿಯಲಿಲ್ಲ, ಹಾಗೇ ಹಾಕಿದ.

ಲಾದೊ ಕೆಳಗಿನ ಬಾಗಿಲು ದಾಟುವ ಹೊತ್ತಿಗೆ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ನೆಟ್ಟಿ ಓಡೆಲ್ ಕೋಟು ಕೂಡ ಹಾಕಿಕೊಳ್ಳದೆ ಓಡಿ ಬಂದಿದ್ದಳು. ಮಡಿಚಿದ ಒಂದು ಹಾಳೆಯನ್ನು ಅವನ ಕೈಗೆ ತುರುಕಿದಳು. ಪುಟ್ಟ ಪುಸ್ತಕದಿಂದ ಕಿತ್ತದ್ದು.

"ಅವತ್ತು ನೀವು ಹೇಳಿದ್ದು. ಒಂದು ಅಕ್ಷರ ಬಿಟ್ಟಿಲ್ಲ. ಕೆಳಗೆ ನನ್ನ ಸಹಿ ಹಾಕಿದೀನಿ."

ಲಾದೊ ಹಾಳೆಯನ್ನು ತೆರೆಯಲಿಲ್ಲ. "ಇದನ್ನ ಅವನೇ ಕೊಟ್ಟು ಕಳಿಸಿದ್ನಾ?"

"ನಿಮ್ಗೆ ತಲೆ ಕೆಟ್ಟಿದ್ಯಾ? ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ಮತ್ತೆ ಯಾಕೆ ಕೊಡ್ತಿದೀರಿ?"

"ಹೂಂ ಅನ್ನಲಿಲ್ವಲ್ಲ ನೀವು, ಅದಕ್ಕೆ." ಅವಳು ಚಳಿಗೆ ತೋಳು ಕಟ್ಟಿಕೊಂಡಳು. "ಆದ್ರೆ ಪೂರ್ತಿ ಓದ್ಕೊಳ್ಳಿ. ಅದರಲ್ಲಿ 'ತುಂಬಿದವನು ನಾನೇ' ಅಂತ ಇದೆ. ಈ ಹಾಳೆ ಆ ಚಾಲಕರನ್ನ ಉಳಿಸುತ್ತೆ. ನಿಮ್ಮನ್ನಲ್ಲ."

ಅವಳು ಹೋದಮೇಲೂ ಅವನು ಅಲ್ಲೇ ನಿಂತಿದ್ದ. ಮೇಲೆ ಎರಡನೇ ಮಹಡಿಯ ಕಿಟಕಿಯಲ್ಲಿ ಯಾರೋ ನಿಂತ ಹಾಗಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಬರೀ ಪರದೆ. ಅಥವಾ ನೋಡುತ್ತಿದ್ದಂತೆ ಪಕ್ಕಕ್ಕೆ ಸರಿದರೋ.

ಮರುದಿನ ವಿಚಾರಣೆ ನಡೆಯುವ ಸರ್ಕಾರಿ ಕಚೇರಿಯ ಹಾಲ್ ತುಂಬಿ ತುಳುಕುತ್ತಿತ್ತು. ಸಾವಿನ ವಿಚಾರಣೆ ನಡೆಸುವ ಅಧಿಕಾರಿ, ಅವನ ಎಡಕ್ಕೆ ಆರು ಜನ ಪಂಚರು. ಒಬ್ಬ ಕಟುಕ, ಒಬ್ಬ ಔಷಧಿ ಅಂಗಡಿಯವನು, ಮಿಕ್ಕವರೂ ಹಾಗೇ ಪೇಟೆಯವರು. ಮಾರ್ಗಿತಾ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆರರಲ್ಲಿ ಮೂರು ಜನರ ಕೋಟಿನ ಜೇಬಿನಿಂದ ಬೀಕನ್ ಇಣುಕುತ್ತಿತ್ತು. ಅವಳು ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ಮೊದಲ ಬೆಂಚಿನಲ್ಲಿದ್ದಳು. ಲಾದೊ ಕಡೆ ತಿರುಗಿಯೂ ನೋಡಲಿಲ್ಲ.

ಓಂದ್ರೇ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯನ್ನು ಓದಿದರು: ಮರಳಿನ ಪೆಡಲ್ ತುಳಿದೆ, ಏನೂ ಬೀಳಲಿಲ್ಲ, ಮತ್ತೆ ಮತ್ತೆ ತುಳಿದೆ. ಕಟುಕ ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಪಕ್ಕದವನು ಬಾಟಲಿ ಎತ್ತುವ ಹಾಗೆ ಹೆಬ್ಬೆರಳನ್ನು ಬಾಯ ಕಡೆ ತೋರಿಸಿ ಮುಗುಳ್ನಕ್ಕ. ಆಮೇಲೆ ಫೋರ್‌ಮನ್ ಡಿಲ್ ಎದ್ದು, ಒಲೆ ಹಚ್ಚಬೇಡ ಅಂತ ಯಾರೂ ಹೇಳಿಲ್ಲ, ಅಂಥ ಆದೇಶದ ಕಾಗದ ಇದ್ದರೆ ತೋರಿಸಲಿ, ನಿನ್ನೆ ತಾನೇ ಆ ಒಲೆಯಲ್ಲಿ ಕೈ ಕಾಯಿಸಿಕೊಂಡೆ ಎಂದ. ಕೊನೆಯ ಮಾತು ನಿಜವೇ ಆಗಿತ್ತು.

ಲಾದೊನನ್ನು ಯಾರೂ ಕರೆದಿರಲಿಲ್ಲ. ಅವನೇ ಎದ್ದು ನಿಂತ.

ಹಾಳೆಯನ್ನು ಬಿಡಿಸಿ ಓದಿದ. ಅಲ್ಲಲ್ಲಿ ತಡವರಿಸಿದ. "ಮರಳು ಒದ್ದೆ ಇತ್ತು. ತುಂಬಿದವನು ನಾನೇ. ಒಲೆ ಹಚ್ಚಬೇಡ ಅಂತ ಮೂರು ವಾರದ ಹಿಂದೆ ಫೋರ್‌ಮನ್ ಹೇಳಿದ, ಆರು ಸಲ ಕೇಳಿದೆ, ಹಚ್ಚಲು ಬಿಡಲಿಲ್ಲ. ಓಂದ್ರೇ ಮಾವ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಕುಡಿದು ಬಂದದ್ದು ನಾನು ಕಂಡಿಲ್ಲ, ಕೇಳಿಲ್ಲ."

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಔಷಧಿ ಅಂಗಡಿಯವನು ಮುಂದಕ್ಕೆ ಬಾಗಿದ.

"ತುಂಬಿದ್ದು ನೀನು?"

"ಹೌದು."

"ಒದ್ದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ತುಂಬಿದೆ."

"ತುಂಬದೆ ಇದ್ರೆ ನನ್ನ ತೆಗೆದು ಹಾಕಿ ಇನ್ನೊಬ್ಬನ ಕೈಲಿ ತುಂಬಿಸ್ತಿದ್ರು. ಆರು ಸಲ ಹೇಳಿದೆ ಸಾರ್."

"ಬರೆದು ಕೊಟ್ಟಿದ್ದೀಯಾ?"

ಲಾದೊನ ಕೈಯಲ್ಲಿದ್ದ ಹಾಳೆಯ ದುಂಡು ಅಕ್ಷರಗಳು ಕೂಡ ಬೇರೆಯವರವು.

"ಬರೆದು ಕೊಟ್ಟಿಲ್ಲ," ಎಂದು ಔಷಧಿ ಅಂಗಡಿಯವನು ಪಂಚರ ಕಡೆ ತಿರುಗಿ ಹೇಳಿದ. ಅವನ ದನಿಯಲ್ಲಿ ಒಂದು ನೆಮ್ಮದಿ ಇತ್ತು. ಬೆಳಗ್ಗೆಯಿಂದ ಎಲ್ಲಿ ಇಡುವುದೆಂದು ತಿಳಿಯದೆ ಹೊತ್ತಿದ್ದ ಮೂಟೆಗೆ ಜಾಗ ಸಿಕ್ಕವನ ನೆಮ್ಮದಿ.

ಒಂದೂಮುಕ್ಕಾಲಿಗೆ ಪಂಚರು ಒಳಕೋಣೆಯಿಂದ ಹೊರಗೆ ಬಂದರು. ಚಾಲಕ ಓಂದ್ರೇ ಸಬೋಲ್ ನಿರ್ದೋಷಿ, ಕುಡಿದಿದ್ದ ಎನ್ನಲು ಯಾವ ಆಧಾರವೂ ಇಲ್ಲ. ಸಾವುಗಳಿಗೆ ಕಾರಣ, ಮರಳು ತುಂಬುವವನು ಗೊತ್ತಿದ್ದೂ ಮಾಡಿದ ಬೇಜವಾಬ್ದಾರಿ. ಕಂಪನಿಯು ಇನ್ನು ಮುಂದೆ ಕೆಲಸಗಾರರನ್ನು ಆರಿಸುವಾಗ ಹೆಚ್ಚು ಎಚ್ಚರ ವಹಿಸತಕ್ಕದ್ದು.

ಮಾರ್ಗಿತಾ ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಲಾದೊಗೆ ಮೊದಲು ಆದದ್ದು ಸಮಾಧಾನವೇ. ಮಾವನ ಹೆಸರು ಉಳಿಯಿತು. ಆಮೇಲೆ ಜನ ಬಾಗಿಲ ಕಡೆ ಹೋಗುತ್ತಾ ತನ್ನ ಸುತ್ತ ಒಂದು ಮೊಳ ಜಾಗ ಬಿಟ್ಟು ಹೋಗುತ್ತಿದ್ದುದು ಕಣ್ಣಿಗೆ ಬಿತ್ತು.

ಹೊರಗೆ ಕಲ್ಲಿನ ಮೆಟ್ಟಿಲುಗಳ ಬುಡದಲ್ಲಿ ಆಗಲೇ ಪೇಪರ್ ಮಾರುತ್ತಿದ್ದರು. ಗೋಪುರದ ಗಡಿಯಾರ ಎರಡು ಹೊಡೆಯಿತು. ಮಾರ್ಗಿತಾ ಒಂದು ಪ್ರತಿ ಕೊಂಡು, ಕಣ್ಣೊರೆಸಿಕೊಂಡು ಬಿಡಿಸಿದಳು. ಮೊದಲ ಪುಟದಲ್ಲಿ ಅದೇ ಮುಖ, ಅದೇ ಟೋಪಿ, ಅದೇ ಬಿಲ್ಲೆ, ಈ ಸಲ ಅಂಗೈಯಷ್ಟು ದೊಡ್ಡದಾಗಿ. ಕೆಳಗೆ ಎರಡು ಸಾಲು: "ಮರಳು ಒದ್ದೆ ಇತ್ತು. ತುಂಬಿದವನು ನಾನೇ."

ಒಂದು ಅಕ್ಷರ ಬದಲಾಗಿರಲಿಲ್ಲ. ಅವನು ಹೇಳಿದ್ದೇ. ಅಲ್ಲಿಗೇ ನಿಂತಿತ್ತು, ಅಷ್ಟೇ. ಒಲೆ ಇರಲಿಲ್ಲ, ಫೋರ್‌ಮನ್ ಇರಲಿಲ್ಲ, ಆರು ಸಲ ಇರಲಿಲ್ಲ.

ಲಾದೊ ಗಡಿಯಾರ ನೋಡಿದ. ಪಂಚರು ಬಾಗಿಲು ತೆರೆದದ್ದು ಒಂದೂಮುಕ್ಕಾಲಿಗೆ. ಕಾಲು ಗಂಟೆಯಲ್ಲಿ ಅಚ್ಚು ಜೋಡಿಸಿ, ಚಿತ್ರ ಕೂರಿಸಿ, ಮುದ್ರಿಸಿ, ಗಾಡಿಗೆ ಹಾಕಿ, ಇಲ್ಲಿಗೆ ತರುವುದು ಯಾವ ಯಂತ್ರದಿಂದಲೂ ಆಗುವ ಮಾತಲ್ಲ. ತಾನು ಹನ್ನೊಂದಕ್ಕೆ ಓದಿದ ಮೇಲೆ ಜೋಡಿಸಿದರಾ? ಅಥವಾ ನಿನ್ನೆ ಸಂಜೆಯೇ, ಹಾಳೆ ತನ್ನ ಕೈಗೆ ಬರುವ ಮೊದಲೇ, ಇನ್ನೊಬ್ಬರ ಕೈ ದಾಟಿ ಬಂದಿತ್ತಾ?

"ಮಿಸ್ಟರ್ ಬೆನ್ಯಾಕ್!"

ಲಸ್ಕ್ ಮೆಟ್ಟಿಲ ಕೆಳಗೆ ನಿಂತಿದ್ದ. ನಿನ್ನೆಯ ಏಕವಚನ ಇವತ್ತು ಮಾಯವಾಗಿತ್ತು. ಅವನ ಪಕ್ಕದಲ್ಲಿ ಕ್ಯಾಮರಾ ಹಿಡಿದು ನೆಟ್ಟಿ ಓಡೆಲ್. ಅವಳ ಕೆಲಸ ಹೋಗಿರಲಿಲ್ಲ. ಕೈಯಲ್ಲಿ ಹೊಸ ಕೈಗವಸು. ಲಾದೊ ಅವಳ ಕಣ್ಣನ್ನು ಹುಡುಕಿದ. ಅವಳು ಕ್ಯಾಮರಾದ ಹಿಂದೆ ಇದ್ದಳು.

"ನಾಳೆಯ ಪ್ರಶ್ನೆ ನಿಮಗೊಬ್ಬರಿಗೇ," ಎಂದ ಲಸ್ಕ್, ಎಲ್ಲರಿಗೂ ಕೇಳುವ ಹಾಗೆ. "ನಿಜವಾಗಿ ಹೊಣೆ ಯಾರು? ಐದು ಜನರ ಜಾಗ ಪೂರ್ತಿ ನಿಮ್ಮದೇ. ಈ ಸಲ ನಿಮ್ಮ ಮಾತೇ, ಆಣೆ. ಟೋಪಿ ಸ್ವಲ್ಪ ನೆಟ್ಟಗೆ ಮಾಡ್ಕೊಳ್ಳಿ."

ಇಳಿಯುತ್ತಿದ್ದ ಜನ ನಿಂತರು. ಮೇಲಿನ ಮೆಟ್ಟಿಲಲ್ಲಿ ಕಟುಕ, ಔಷಧಿ ಅಂಗಡಿಯವನು, ಡಿಲ್. ಮಾರ್ಗಿತಾ ಲಾದೊನ ತೋಳು ಹಿಡಿದಳು.

"ಹೇಳೋ ಮಗನೇ. ಕಂಪನಿ ಅಂತ ಹೇಳು. ಆ ಡಿಲ್ ಇಲ್ಲೇ ನಿಂತಿದಾನೆ, ಅವನ ಹೆಸರು ಹೇಳಿ ಗಟ್ಟಿಯಾಗಿ ಹೇಳು. ಯಾಕೋ ಸುಮ್ನಿದೀಯ? ನಾನು ನಿನ್ನ ತಟ್ಟೆ ಖಾಲಿ ಕಳಿಸಿದೆ ಅಂತಾನಾ?"

ಲಾದೊಗೆ ಹೇಳಲು ಬಹಳ ಇತ್ತು. ಅವನು ನೆಟ್ಟಿಯ ಪುಟ್ಟ ಪುಸ್ತಕ ನೋಡಿದ. ಲಸ್ಕ್‌ನ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ನೋಡಿದ. ನಾಲ್ಕು ಸಾಲು ಹೇಳಿದರೆ ಯಾವ ಎರಡು ಉಳಿಯುತ್ತವೋ ಅವನಿಗೆ ಗೊತ್ತಿರಲಿಲ್ಲ. ಲಸ್ಕ್‌ಗೆ ಗೊತ್ತಿತ್ತು.

ಅತ್ತೆಯ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದ, ಮೆತ್ತಗೆ. ಟೋಪಿ ತೆಗೆದ. ಹಿತ್ತಾಳೆ ಬಿಲ್ಲೆ ಒಳಗೆ ಹೋಗುವ ಹಾಗೆ ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡು, ಕ್ಯಾಮರಾದ ಮುಂದೆಯೇ, ಬರಿತಲೆಯಲ್ಲಿ, ಮೆಟ್ಟಿಲಿಳಿದು ನಡೆದ. ಹಿಂದಿನಿಂದ ಲಸ್ಕ್ ಇನ್ನೊಮ್ಮೆ ಕೂಗಿದ. ಆಮೇಲೆ ಮಾರ್ಗಿತಾಳೂ ಕೂಗಿದಳು. ಗಿರಣಿ ದಿಬ್ಬದ ಕಡೆಯಿಂದ ಒಂದು ಟ್ರಾಮ್ ಇಳಿದು ಬರುತ್ತಿತ್ತು. ಹಳಿಯ ಮೇಲೆ ಒಣ ಮರಳು ಸುರಸುರ ಉದುರುತ್ತಿತ್ತು. ಅದು ದಾಟುವವರೆಗೆ ನಿಂತು, ಲಾದೊ ರಸ್ತೆಯ ಆಚೆ ಹೋದ.